ಬೆಟ್ಟದ ಕೋಟೆಗಳೂ ಬೆಟ್ಟದ ಹಟ್ಟಿಗಳೂ

(ತುಮ್ಮನಟ್ಟಿಯ ಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬಕ್ಕೆಂದು ಊರಿಗೆ ಬರುವ ಮಕ್ಕಳು ಹಿರಿಯರನ್ನು ಕೇಳುವ ಪ್ರಶ್ನೆಯೊಂದುಂಟು. ಮೊದಮೊದಲು ಈ ಬೆಟ್ಟಕ್ಕೆ ಬಂದು ನೆಲೆಸಿದವರು ಕೋಟೆ ಕಟ್ಟಿಕೊಂಡಿದ್ದರೇ? ಕಟ್ಟಿದ್ದರೆ ಅದು ಎಲ್ಲಿದೆ?

ಹಿರಿಯರು ಮೂರು ಹೆಸರು ಹೇಳುತ್ತಾರೆ. ಸೀಗೂರು ಘಾಟಿಯ ಕಲ್ಹಟ್ಟಿಯ ಹತ್ತಿರ ಮಲೆಕೋಟೆ, ಕುನ್ನೂರಿನ ಕೆಳಗೆ ಹುಲಿಕಲ್ ದುರ್ಗ, ಕೋತಗಿರಿಯ ಕಡೆ ಉದಯರಾಯನ ಕೋಟೆ. ಕೋತಗಿರಿ ಎಂಬ ಹೆಸರಿನಲ್ಲೇ ಕೋಟೆ ಇದೆ ಎಂದು ಕೆಲವರು ಅರ್ಥ ಮಾಡುವುದುಂಟು, ಅದು ಸಲ್ಲದು. ಅದು ಕೋತರ ಕೇರಿ. ಕಮ್ಮಾರಿಕೆ, ಕುಂಬಾರಿಕೆ, ವಾದ್ಯ ಇವುಗಳಲ್ಲಿ ಹೆಸರಾದ ಕೋತರ ಬೀದಿಯೇ ಕೋತಗಿರಿಯಾಯಿತು.

ಈ ಮೂರು ಕೋಟೆಗಳನ್ನು ಐತಿಹ್ಯ ಉಮ್ಮತ್ತೂರಿನ ಅರಸು ಮನೆತನಕ್ಕೆ ಸೇರಿಸುತ್ತದೆ. ಉಮ್ಮತ್ತೂರು ಇಂದು ಚಾಮರಾಜನಗರ ತಾಲ್ಲೂಕಿನ ಒಂದು ಸಾಧಾರಣ ಊರು. 15ನೆಯ ಶತಮಾನದಲ್ಲಿ ಅಲ್ಲಿಯ ಒಡೆಯರು ವಿಜಯನಗರಕ್ಕೇ ತಲೆಬಾಗದಷ್ಟು ಬಲಿತಿದ್ದರು. ಕೃಷ್ಣದೇವರಾಯ ಪಟ್ಟಕ್ಕೆ ಬಂದ ಹೊಸದರಲ್ಲಿ ಮಾಡಿದ ಯುದ್ಧಗಳಲ್ಲಿ ಒಂದು ಉಮ್ಮತ್ತೂರಿನ ಗಂಗರಾಜನ ಮೇಲೆಯೇ. ಶಿವನಸಮುದ್ರ ಬಿದ್ದದ್ದು ಆಗ. ಮುಂದೆ 17ನೆಯ ಶತಮಾನದ ಆರಂಭದಲ್ಲಿ ಮೈಸೂರಿನ ರಾಜ ಒಡೆಯರು ಉಮ್ಮತ್ತೂರನ್ನು ಗೆದ್ದುಕೊಂಡ ಮೇಲೆ ಬೆಟ್ಟದ ಒಡೆತನವೂ ಕ್ರಮೇಣ ಮೈಸೂರಿಗೆ ಹೋಯಿತು.

ಇಲ್ಲಿ ಭಕ್ತರು ಸ್ವಲ್ಪ ನಿಂತು ನೋಡಬೇಕು. ಈ ಕೋಟೆಗಳು ಎತ್ತ ಮುಖ ಮಾಡಿವೆ? ಹುಲಿಕಲ್ ದುರ್ಗದ ನೆತ್ತಿಯ ಮೇಲೆ ನಿಂತರೆ ಕಾಣುವುದು ಕುನ್ನೂರು ಕಣಿವೆ, ಮೇಟ್ಟುಪಾಳಯದ ಬಯಲು, ಕೊಯಮತ್ತೂರಿನ ಸೀಮೆ. ಮಲೆಕೋಟೆ ಕಾಯುವುದು ಮಸಿನಗುಡಿಯ ಕಡೆಯಿಂದ, ಅಂದರೆ ಮೈಸೂರಿನ ಕಡೆಯಿಂದ, ಹತ್ತಿ ಬರುವ ದಾರಿಯನ್ನು. ಕೋಟೆ ಕಟ್ಟಿದವರ ಕಣ್ಣು ಘಾಟಿಯ ಮೇಲಿತ್ತು, ಸುಂಕದ ಮೇಲಿತ್ತು. ಹೈದರ್, ಟಿಪ್ಪು ಇವರ ಕಾಲದಲ್ಲಿಯೂ ಹುಲಿಕಲ್ ಮತ್ತು ಮಲೆಕೋಟೆಗಳಲ್ಲಿ ಕಾವಲು ಪಡೆ ಇಟ್ಟದ್ದು ಇದೇ ಕಾರಣಕ್ಕೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಟ್ಟ ಕಂಪನಿಯ ವಶವಾಯಿತು, ಕಾವಲಿಗೂ ಕೆಲಸವಿಲ್ಲದಾಯಿತು.

ಹಾಗಾದರೆ ನೆಲೆಸಲು ಬಂದವರ ಕೋಟೆ ಯಾವುದು? ಅವರು ಕೋಟೆ ಕಟ್ಟಲಿಲ್ಲ. ಅವರು ಕಟ್ಟಿದ್ದು ಹಟ್ಟಿ.

ಬಡಗರು ಎಂದರೆ ಬಡಗಣ ದಿಕ್ಕಿನವರು. ಅರಸನೊಬ್ಬ ಹೆಣ್ಣು ಕೇಳಿದಾಗ ತಂಗಿಯನ್ನು ಕರೆದುಕೊಂಡು ಅಣ್ಣತಮ್ಮಂದಿರು ತಲೆಮಲೆಯಿಂದ ಹೊಳೆ ದಾಟಿ ಬೆಟ್ಟ ಏರಿದ ಕಥೆ ಹಟ್ಟಿಹಟ್ಟಿಯಲ್ಲೂ ಇದೆ. ವಿಜಯನಗರ 1565ರಲ್ಲಿ ಬಿದ್ದ ಸುಮಾರಿನ ಕ್ಷೋಭೆಯಲ್ಲಿ ಈ ವಲಸೆ ನಡೆಯಿತೆಂದು ವಿದ್ವಾಂಸರು ಹೇಳುತ್ತಾರೆ. ಬಡಗರ ಚರಿತ್ರೆಯನ್ನು ಕುರಿತು ಪಾಲ್ ಹಾಕಿಂಗ್ಸ್ 1980ರಲ್ಲಿ ಪ್ರಕಟಿಸಿದ ಗ್ರಂಥದ ಹೆಸರಿನಲ್ಲೇ ‘ನಿರಾಶ್ರಿತರು’ ಎಂಬ ಮಾತಿದೆ. ಇದನ್ನು ಒಪ್ಪದೆ, ಬಡಗರು ಬೆಟ್ಟದಲ್ಲೇ ಹುಟ್ಟಿದ ಜನ ಎಂದು ವಾದಿಸುವ ಹಿರಿಯರೂ ಇದ್ದಾರೆ. ಆ ವಾದ ಇಂದಿಗೂ ಮುಗಿದಿಲ್ಲ. ಅದರಲ್ಲಿ ಹಕ್ಕಿನ ಪ್ರಶ್ನೆಯೂ ಸೇರಿಕೊಂಡಿದೆ. 1603ರಲ್ಲಿ ಮಲೆಯಾಳದ ಕಡೆಯಿಂದ ಬೆಟ್ಟ ಹತ್ತಿ ಬಂದ ಫಿನಿಸಿಯೋ ಎಂಬ ಪಾದ್ರಿ ತೋದವರ ಜೊತೆಗೆ ಬಡಗರನ್ನೂ ಅವರ ಊರುಗಳನ್ನೂ ಕಂಡು ಬರೆದಿಟ್ಟಿದ್ದಾನೆ. ಅಷ್ಟು ಹೊತ್ತಿಗೆ ಹಟ್ಟಿಗಳು ಇಲ್ಲಿ ಬೇರು ಬಿಟ್ಟಿದ್ದವು ಎಂಬುದರಲ್ಲಿ ಯಾರಿಗೂ ಅನುಮಾನ ಬೇಡ.

ಕಲ್ಹಟ್ಟಿ, ದಿಂಹಟ್ಟಿ, ತುಮ್ಮನಟ್ಟಿ – ಹೆಸರಿನೊಳಗೇ ಹಟ್ಟಿ ಕೂತಿದೆ. ಸಾಲಾಗಿ ಮನೆಗಳು, ಮುಂದೆ ಅಂಗಳ, ಮನೆಯೊಳಗೆ ಹಾಲಿಗೆಂದೇ ಮಡಿಯ ಜಾಗ, ಊರವರು ಕೂತು ನ್ಯಾಯ ಮಾತಾಡಲು ಸುತ್ತುಕಲ್ಲು. ಇವಿಷ್ಟರಲ್ಲಿ ಗೋಡೆಯೆಂಬುದು ಎಲ್ಲೂ ಇಲ್ಲ. ಪರದೇಶದಿಂದ ಬಂದವರು ಗೋಡೆಯಿಲ್ಲದೆ ಹೇಗೆ ಬದುಕಿದರು? ಮೊದಲೇ ಇದ್ದವರೊಡನೆ ಕೊಡುಕೊಳ್ಳುವಿಕೆ ಕಟ್ಟಿಕೊಂಡು. ತೋದವರಿಗೆ ಬೆಳೆಯಲ್ಲಿ ಪಾಲು ಅಳೆದುಕೊಟ್ಟರು. ಅದಕ್ಕೆ ಗೂಡು ಎಂದು ಹೆಸರು. ಕೋತರಿಂದ ಕುಡುಗೋಲು, ಗಡಿಗೆ ಬಂತು. ಸಾವಿನ ಮನೆಗೆ ಅವರ ವಾದ್ಯ ಬಂತು. ಬಿತ್ತನೆಯ ಶಾಸ್ತ್ರಕ್ಕೆ ಕುರುಂಬ ಬಂದ. ಈ ನಂಟಿನಲ್ಲಿ ಭಯವೂ ಇತ್ತು, ಜಗಳವೂ ಇತ್ತು. ಕುರುಂಬರ ಮಾಟದ ಹೆದರಿಕೆಯಲ್ಲಿ 19ನೆಯ ಶತಮಾನದಲ್ಲಿ ಕೊಲೆಗಳೂ ನಡೆದುವೆಂಬುದನ್ನು ಹಬ್ಬದ ಸಭೆಯೆಂದು ಮುಚ್ಚಿಡಬೇಕಾಗಿಲ್ಲ. ಆದರೂ ತಲೆಮಾರುಗಳ ಕಾಲ ಅದೇ ಹಟ್ಟಿಗಳನ್ನು ಉಳಿಸಿತು.

ಉಮ್ಮತ್ತೂರಿಗಿಂತ ಹಿಂದಿನ ಮಾತನ್ನೂ ಒಂದಿಷ್ಟು ಹೇಳಬೇಕು. ಚಾಮರಾಜನಗರದ 1117ರ ಶಾಸನವೊಂದು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ತೋದವರನ್ನು ಬೆದರಿಸಿ ನೀಲಗಿರಿಯನ್ನು ಹಿಡಿದುದನ್ನು ಹೇಳುತ್ತದೆ. ಮುಂದೆ ತೆರಕಣಾಂಬಿಯಿಂದ ಆಳಿದ ಪೆರುಮಾಳೆ ದಂಡನಾಯಕನ ಮನೆತನ ನೀಲಗಿರಿಯ ಹೆಸರನ್ನು ಬಿರುದಾಗಿ ಹೊತ್ತಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯವನ್ನು 1315ರ ಸುಮಾರಿನಲ್ಲಿ ಕಟ್ಟಿಸಿದ ಮಾಧವ ದಂಡನಾಯಕ ಈ ಮನೆತನದವನೇ. ಬೆಟ್ಟದ ಮೂಡಣ ಬುಡದಲ್ಲಿ, ಮೋಯಾರು ಭವಾನಿಯನ್ನು ಕೂಡುವ ಎಡೆಯಲ್ಲಿ, ದಣಾಯಕನ ಕೋಟೆ ಎದ್ದದ್ದು ಆ ದಂಡನಾಯಕರ ಹೆಸರಿನಲ್ಲಿ. ಬಯಲಿನಿಂದ ಕೋತಗಿರಿಗೆ ಏರುವ ಹಳೆಯ ದಾರಿ ಅಲ್ಲಿಂದಲೇ ಹೊರಡುತ್ತಿತ್ತು. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟ ಹತ್ತಿದ್ದೂ ಆ ದಾರಿಯಲ್ಲಿಯೇ. ಬಂದು ತಂಗಿದ್ದು ದಿಂಹಟ್ಟಿಯಲ್ಲಿ.

ಇಂದು ನೋಡಲು ಉಳಿದಿರುವುದು ಬಹಳ ಕಡಿಮೆ. ಹುಲಿಕಲ್ ದುರ್ಗಕ್ಕೆ ನಾನ್‌ಸಚ್ ಟೀ ಎಸ್ಟೇಟಿನ ಮೂಲಕ ಕಾಲ್ನಡೆಯಲ್ಲಿ ಏರಬೇಕು. ಸವೆದ ಗೋಡೆಯ ಭಾಗಗಳು ಕಾಣಸಿಗುತ್ತವೆ. ಜನ ಅದನ್ನು ಬಕಾಸುರನ ಬೆಟ್ಟವೆಂದು ಕರೆದು ಪಾಂಡವರ ಕಥೆಗೆ ಸೇರಿಸಿಬಿಟ್ಟಿದ್ದಾರೆ. ಅರಸರ ಹೆಸರು ಮರೆತುಹೋದರೂ ಭೀಮನ ಹೆಸರು ಮರೆಯಲಿಲ್ಲ! ಅಲ್ಲಿಗೆ ಹೋಗುವ ಯುವಕರು ಕಲ್ಲು ಕೀಳದೆ, ಉರುಳಿಸದೆ ಬಂದರೆ ಅದೇ ದೊಡ್ಡ ಉಪಕಾರ.

ದಣಾಯಕನ ಕೋಟೆಗೆ ಮಾತ್ರ ನಡೆದು ಹೋಗುವುದು ಎಲ್ಲ ಕಾಲದಲ್ಲೂ ಸಾಧ್ಯವಿಲ್ಲ. 1955ರಲ್ಲಿ ಕೆಳ ಭವಾನಿ ಅಣೆಕಟ್ಟು ಮುಗಿದು ಕೋಟೆ, ಊರು, ಗುಡಿ ಎಲ್ಲವೂ ಜಲಾಶಯದೊಳಗೆ ಸೇರಿದವು. ಅಲ್ಲಿದ್ದ ದೇವರನ್ನು ಭವಾನಿಸಾಗರದ ಕಡೆಗೆ ತಂದು ಬೇರೆ ಗುಡಿಯಲ್ಲಿ ಪೂಜೆ ನಡೆಸಿದರು. ಮಳೆ ಕೈಕೊಟ್ಟು ನೀರು ಬಹಳ ಇಳಿದ ವರ್ಷ ಹಳೆಯ ಗುಡಿ ಕೆಸರಿನಿಂದ ಮೇಲೆದ್ದು ಕಾಣುತ್ತದೆ. ಸುತ್ತಿನ ಊರಿನ ಜನ ಆಗ ಹಣ್ಣುಕಾಯಿ ಹಿಡಿದು ಅಲ್ಲಿಗೆ ಹೋಗುತ್ತಾರೆ.