ಬೋಯಿಂಗ್ ಕಾರ್ಖಾನೆಯೂ ಅದರ ಯಜಮಾನರೂ



ಅಂಗಡಿಗೆ ಹೋಗಿ ಸರಕನ್ನು ನೋಡಿ, ಬೆಲೆ ಕೇಳಿ, ಹಣ ಎಣಿಸಿಕೊಟ್ಟು, ಗಂಟು ಕಟ್ಟಿಸಿಕೊಂಡು ಬರುವುದು ನಮಗೆಲ್ಲರಿಗೂ ಪರಿಚಯವಾದ ವ್ಯಾಪಾರ. ವಿಮಾನದ ವ್ಯಾಪಾರ ಹಾಗಲ್ಲ. 2023ನೆಯ ಇಸವಿ ಫೆಬ್ರವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯವರು 470 ವಿಮಾನಗಳನ್ನು ಕೊಳ್ಳುವುದಾಗಿ ಪ್ರಕಟಿಸಿದರು. ಅವುಗಳಲ್ಲಿ 250 ಯೂರೋಪಿನ ಏರ್‌ಬಸ್ ಕಂಪೆನಿಯ ಪಾಲಿಗೂ 220 ಅಮೆರಿಕದ ಬೋಯಿಂಗ್ ಕಂಪೆನಿಯ ಪಾಲಿಗೂ ಬಂದುವು. ಪತ್ರಿಕೆಗಳಲ್ಲಿ ಇದನ್ನು ಓದಿದವರಲ್ಲಿ ಕೆಲವರಾದರೂ, ಮಾರನೆಯ ತಿಂಗಳೇ ಹೊಸ ವಿಮಾನಗಳು ಸಾಲುಗಟ್ಟಿ ಬಂದಿಳಿಯುವುವೆಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ 220ರಲ್ಲಿ 10 ವಿಮಾನಗಳು ಯಾವ ಜಾತಿಯವೋ ಆ ಜಾತಿಯ ಒಂದೇ ಒಂದು ವಿಮಾನವನ್ನಾದರೂ ಬೋಯಿಂಗ್ ಕಂಪೆನಿ ಅಂದಿನವರೆಗೆ ಯಾವ ಗಿರಾಕಿಗೂ ಒಪ್ಪಿಸಿರಲಿಲ್ಲ. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಹಿರಿಯರು ನಗುತ್ತಿದ್ದರಷ್ಟೆ. ಈ ವ್ಯಾಪಾರದಲ್ಲಿ ಅದೇ ರೂಢಿ, ಅದೇ ನ್ಯಾಯ.

ಕೊಳ್ಳುವವನು ಕರಾರಿಗೆ ರುಜು ಹಾಕುವಾಗ ಸ್ವಲ್ಪ ಮುಂಗಡವನ್ನು ಕೊಡುತ್ತಾನೆ. ಕೆಲಸ ಸಾಗಿದಂತೆ ಇನ್ನಷ್ಟು ಕೊಡುತ್ತಾನೆ. ಹೆಚ್ಚಿನ ಭಾಗವನ್ನು ವಿಮಾನ ಕೈಸೇರಿದ ದಿವಸ ಸಲ್ಲಿಸುತ್ತಾನೆ. ಆದುದರಿಂದ ಆರ್ಡರು ಎಂಬುದು ಹಣವಲ್ಲ, ಮಾತು. 2024ರ ಅಂತ್ಯದಲ್ಲಿ ಬೋಯಿಂಗ್ ಕಂಪೆನಿಯ ಪುಸ್ತಕದಲ್ಲಿ ಇನ್ನೂ ಕಟ್ಟಿಕೊಡಬೇಕಾದ ಪ್ರಯಾಣಿಕರ ವಿಮಾನಗಳು 5,500ಕ್ಕೂ ಮಿಕ್ಕಿದ್ದುವು; ಕಂಪೆನಿಯ ಸಕಲ ಕರಾರುಗಳ ಮೊತ್ತ 52,100 ಕೋಟಿ ಡಾಲರು. ಇಷ್ಟು ಐಶ್ವರ್ಯ ಕಾಗದದ ಮೇಲಿದ್ದ ಅದೇ ವರ್ಷ ಅದಕ್ಕೆ ಒದಗಿದ ನಷ್ಟ ಸುಮಾರು 1,180 ಕೋಟಿ ಡಾಲರು! 2019ರಿಂದ 2024ರವರೆಗಿನ ಆರು ವರ್ಷಗಳಲ್ಲಿ ಲಾಭ ಕಂಡ ವರ್ಷ ಒಂದೂ ಇಲ್ಲ. ಬಾಗಿಲಲ್ಲಿ ಗಿರಾಕಿಗಳು ಕ್ಯೂ ನಿಂತಿರುವಾಗ ಅಂಗಡಿ ಸಾಲದಲ್ಲಿ ಮುಳುಗುವುದೆಂದರೇನು? ಈ ವಿಚಿತ್ರವನ್ನು ಬಿಡಿಸಿ ನೋಡುವುದೇ ಈ ಸಂಜೆಯ ನಮ್ಮ ಉದ್ದೇಶ.

ಕಂಪೆನಿಯ ಮೂಲಪುರುಷನಾದ ವಿಲಿಯಂ ಬೋಯಿಂಗ್ ಮರದ ವ್ಯಾಪಾರಿ. ಅಮೆರಿಕದ ವಾಯವ್ಯ ಮೂಲೆಯ ಸಿಯಾಟ್ಲ್ ನಗರದಲ್ಲಿ 1916ರಲ್ಲಿ ಈತ ಕಾರ್ಖಾನೆಯನ್ನು ಸ್ಥಾಪಿಸಿದ. ಆ ಕಾಲದ ವಿಮಾನಗಳು ಮರ ಮತ್ತು ಬಟ್ಟೆಯವಾದುದರಿಂದ ಮರದ ವ್ಯಾಪಾರಿಗೆ ಆ ಉದ್ಯೋಗ ತೀರ ಹೊರಗಿನದೇನೂ ಆಗಿರಲಿಲ್ಲ. ಆದರೆ ಕಂಪೆನಿಗೆ ಇಂದಿನ ರೂಪ ಬಂದದ್ದು ವಿಲಿಯಂ ಆಲನ್ ಎಂಬವನಿಂದ. ಈತ ವಕೀಲ. 1945ರಲ್ಲಿ, ಮಹಾಯುದ್ಧ ಮುಗಿದು ಬಾಂಬರುಗಳ ಕರಾರುಗಳೆಲ್ಲ ರದ್ದಾಗುತ್ತಿದ್ದ ಹೊತ್ತಿನಲ್ಲಿ, ಇವನ ಕೈಗೆ ಅಧ್ಯಕ್ಷಪದವಿ ಬಂತು. 1952ರಲ್ಲಿ ಆಲನ್ ಮಾಡಿದ ಸಾಹಸ ಕೇಳತಕ್ಕದ್ದು. ಯಾವ ವಿಮಾನಸಂಸ್ಥೆಯೂ ಕೇಳದಿರುವಾಗ, ಕಂಪೆನಿಯ ಸ್ವಂತ ಹಣ 1 ಕೋಟಿ 60 ಲಕ್ಷ ಡಾಲರುಗಳನ್ನು ಸುರಿದು ಒಂದು ಜೆಟ್ ವಿಮಾನದ ಮಾದರಿಯನ್ನು ಕಟ್ಟಲು ಅಪ್ಪಣೆ ಕೊಟ್ಟ. ಅದು 1954ರ ಜುಲೈನಲ್ಲಿ ಹಾರಿತು. 1955ರ ಅಕ್ಟೋಬರಿನಲ್ಲಿ ಪ್ಯಾನ್ ಅಮೆರಿಕನ್ ಸಂಸ್ಥೆ ಜೆಟ್ ವಿಮಾನಗಳನ್ನು ಕೊಳ್ಳಲು ಹೊರಟಾಗ, ಹಾರಿ ತೋರಿಸಿದ್ದ ಬೋಯಿಂಗಿಗೆ 20ನ್ನೂ ಇನ್ನೂ ನಕ್ಷೆಯಲ್ಲೇ ಇದ್ದ ಡಗ್ಲಾಸ್ ವಿಮಾನಕ್ಕೆ 25ನ್ನೂ ಬರೆಯಿತು. ಕಾರಣ, ಡಗ್ಲಾಸಿನ ಒಡಲು ಅಗಲವಾಗಿತ್ತು. ಆಲನ್ ಜಗಳಕ್ಕೆ ಹೋಗಲಿಲ್ಲ. ತನ್ನ ವಿಮಾನದ ಒಡಲನ್ನು ಡಗ್ಲಾಸಿಗಿಂತ ಕಿಂಚಿತ್ ಹೆಚ್ಚಾಗಿಯೇ ಅಗಲ ಮಾಡಿಸಿದ. ಅದೇ 707. ನಮ್ಮ ಏರ್ ಇಂಡಿಯಾ 1960ರಲ್ಲಿ ಅದನ್ನು ತರಿಸಿಕೊಂಡು, 1962ರಲ್ಲಿ ಜೆಟ್ ವಿಮಾನಗಳನ್ನು ಮಾತ್ರವೇ ಹಾರಿಸುವ ಪ್ರಪಂಚದ ಮೊದಲನೆಯ ಸಂಸ್ಥೆಯೆಂಬ ಹೆಸರನ್ನು ಪಡೆಯಿತು.

ಆಲನ್ ಇನ್ನೊಂದು ಪಣವನ್ನೂ ಒಡ್ಡಿದ. 1966ರ ಏಪ್ರಿಲಿನಲ್ಲಿ ಅದೇ ಪ್ಯಾನ್ ಅಮೆರಿಕನ್ ಸಂಸ್ಥೆ 52 ಕೋಟಿ 50 ಲಕ್ಷ ಡಾಲರು ಬೆಲೆಗೆ 25 ಭಾರಿ ವಿಮಾನಗಳನ್ನು ಕೇಳಿತು. 747 ಹುಟ್ಟಿದ್ದು ಹೀಗೆ. ಅದನ್ನು ಕಟ್ಟಲು ಎವರೆಟ್ ಎಂಬಲ್ಲಿ ಹೊಸ ಕಾರ್ಖಾನೆಯನ್ನೇ ಎಬ್ಬಿಸಬೇಕಾಯಿತು. ವಿಮಾನವೇನೋ 1969ರಲ್ಲಿ ಹಾರಿತು; ಆದರೆ ಅಷ್ಟು ಹೊತ್ತಿಗೆ ಕಾಲ ಕೆಟ್ಟು ಆರ್ಡರುಗಳು ನಿಂತುಹೋದುವು. ಒಂದು ಲಕ್ಷದಷ್ಟಿದ್ದ ಕೆಲಸಗಾರರ ಸಂಖ್ಯೆ ಕೆಲವೇ ವರ್ಷಗಳಲ್ಲಿ ನಲವತ್ತು ಸಾವಿರದೊಳಕ್ಕೆ ಇಳಿಯಿತು. 1971ರಲ್ಲಿ ಯಾರೋ ಚೇಷ್ಟೆಗಾರರು, ಊರು ಬಿಡುವವರಲ್ಲಿ ಕಡೆಯವನು ದೀಪ ಆರಿಸಿ ಹೋಗಬೇಕೆಂದು ಸಿಯಾಟ್ಲಿನ ರಸ್ತೆಯ ಪಕ್ಕದಲ್ಲಿ ಹಲಗೆ ನಿಲ್ಲಿಸಿದ್ದರು. ಅಂದರೆ ಹಳೆಯ ಯಜಮಾನರ ಕಾಲವೆಲ್ಲ ಸುವರ್ಣಯುಗವೆಂದು ಯಾರೂ ತಿಳಿಯಬಾರದು. ಆದರೂ ಆ 747 ಐವತ್ತಕ್ಕೂ ಹೆಚ್ಚು ವರ್ಷ ಕಾರ್ಖಾನೆಯಿಂದ ಹೊರಬರುತ್ತಲೇ ಇತ್ತು. ಕಡೆಯದು ಗಿರಾಕಿಯ ಕೈಸೇರಿದ್ದು 2023ರಲ್ಲಿ.

1997ರಲ್ಲಿ ಬೋಯಿಂಗ್ ಕಂಪೆನಿ ತನ್ನ ಹಳೆಯ ಸ್ಪರ್ಧಿಯಾದ ಮ್ಯಾಕ್‌ಡೊನೆಲ್ ಡಗ್ಲಾಸನ್ನು ಕೊಂಡುಕೊಂಡಿತು. ಕೊಂಡವರು ಯಾರು, ಮಾರಿಕೊಂಡವರು ಯಾರು ಎಂಬುದೇ ಆಮೇಲೆ ಸಂದೇಹಕ್ಕೆ ಬಂತೆಂದು ಸಿಯಾಟ್ಲಿನ ಜನ ಇಂದಿಗೂ ಆಡಿಕೊಳ್ಳುವುದುಂಟು. ಏಕೆಂದರೆ ಬಂದವರ ಪೈಕಿ ಹ್ಯಾರಿ ಸ್ಟೋನ್‌ಸೈಫರ್ ಎಂಬವನು 2003ರಲ್ಲಿ ಇಡೀ ಕಂಪೆನಿಗೇ ಯಜಮಾನನಾದ. 2001ರಲ್ಲಿ ಮುಖ್ಯ ಕಛೇರಿಯನ್ನು ಕಾರ್ಖಾನೆಯಿಂದ ಸುಮಾರು 1,700 ಮೈಲಿ ದೂರದ ಷಿಕಾಗೋ ನಗರಕ್ಕೆ ಸಾಗಿಸಿದರು. 2005ರಲ್ಲಿ ವಿಚಿಟಾದ ಒಡಲು ಕಟ್ಟುವ ಕಾರ್ಖಾನೆಯನ್ನು ಪರಭಾರೆ ಮಾಡಿದರು. 787ರ ರೆಕ್ಕೆಯನ್ನು ಜಪಾನಿನವರೂ ಒಡಲಿನ ತುಂಡುಗಳನ್ನು ಇಟಲಿಯವರೂ ಇನ್ನೂ ಅನೇಕರೂ ಮಾಡಿ ಕಳುಹಿಸುವುದು, ತಾವು ಜೋಡಿಸಿ ಮಾರುವುದು ಎಂದು ಯೋಜಿಸಿದರು. 2007ರ ಜುಲೈ 8ರಂದು ಸಂಭ್ರಮದಿಂದ ಹೊರಗೆಳೆದು ತೋರಿಸಿದ ಮೊದಲನೆಯ 787 ಒಳಗೆ ಬರಿದಾಗಿತ್ತು. ತಾತ್ಕಾಲಿಕ ಮೊಳೆಗಳ ಮೇಲೆ ನಿಂತಿತ್ತು. ನಮ್ಮೂರ ಉತ್ಸವಗಳಲ್ಲಿ ಕಾಗದದ ತೇರು ಕಂಡವರಿಗೆ ಬೇರೆ ವರ್ಣನೆ ಬೇಕಿಲ್ಲ. 2008ರಲ್ಲಿ ಒಪ್ಪಿಸಬೇಕಾಗಿದ್ದ ಆ ವಿಮಾನ ಜಪಾನಿನ ಗಿರಾಕಿಗೆ ಸೇರಿದ್ದು 2011ರ ಸೆಪ್ಟೆಂಬರಿನಲ್ಲಿ.

ಇಲ್ಲಿಂದ ಮುಂದಿನದು ಹೇಳುವುದಕ್ಕೆ ಸಂತೋಷವಾದ ಕಥೆಯಲ್ಲ. 2010ರ ಡಿಸೆಂಬರಿನಲ್ಲಿ ಏರ್‌ಬಸ್ ಕಂಪೆನಿ ತನ್ನ ಸಣ್ಣ ವಿಮಾನಕ್ಕೆ ಕಡಿಮೆ ಎಣ್ಣೆ ಕುಡಿಯುವ ಹೊಸ ಇಂಜಿನನ್ನು ಜೋಡಿಸುವುದಾಗಿ ಸಾರಿತು. ಬೋಯಿಂಗ್ ಕಂಪೆನಿ ಹೊಸ ವಿಮಾನವನ್ನೇ ಕಟ್ಟೋಣವೇ, ಹಳೆಯ 737ಕ್ಕೇ ಹೊಸ ಇಂಜಿನು ತೊಡಿಸೋಣವೇ ಎಂದು ಯೋಚಿಸುತ್ತಿದ್ದಾಗಲೇ, 2011ರ ಜುಲೈನಲ್ಲಿ ಅದರ ನಚ್ಚಿನ ಗಿರಾಕಿಯಾದ ಅಮೆರಿಕನ್ ಏರ್‌ಲೈನ್ಸ್ 460 ವಿಮಾನಗಳ ಆರ್ಡರಿನಲ್ಲಿ 260ನ್ನು ಏರ್‌ಬಸ್ಸಿಗೆ ಕೊಟ್ಟುಬಿಟ್ಟಿತು. ಮುಂದಿನ ತಿಂಗಳಲ್ಲೇ 737 ಮ್ಯಾಕ್ಸ್ ನಿರ್ಧಾರವಾಯಿತು. ಆಗ ಯಜಮಾನನಾಗಿದ್ದವನು ಜೇಮ್ಸ್ ಮ್ಯಾಕ್‌ನರ್ನಿ. 1967ರಲ್ಲಿ ಮೊದಲು ಹಾರಿದ 737 ನೆಲಕ್ಕೆ ತೀರ ಸಮೀಪವಾಗಿ ನಿಲ್ಲುವ ವಿಮಾನ. ದೊಡ್ಡ ಇಂಜಿನಿಗೆ ಕೆಳಗೆ ಎಡೆಯಿಲ್ಲ. ಅದನ್ನು ರೆಕ್ಕೆಯ ಮುಂದಕ್ಕೂ ಮೇಲಕ್ಕೂ ಸರಿಸಿ ಕೂರಿಸಿದರು. ಇದರಿಂದ ಕೆಲವು ಸಂದರ್ಭಗಳಲ್ಲಿ ಮೂತಿ ಮೇಲೇಳುವ ಸ್ವಭಾವ ಬಂತು. ಅದನ್ನು ತಡೆಯಲು ತಾನಾಗಿಯೇ ಮೂತಿಯನ್ನು ಕೆಳಕ್ಕೊತ್ತುವ ಒಂದು ಯಂತ್ರವ್ಯವಸ್ಥೆಯನ್ನು ಅಳವಡಿಸಿದರು. ಅದು ನಂಬಿದ್ದು ಒಂದೇ ಒಂದು ಸೂಚಕವನ್ನು. ಹಾರಿಸುವವರ ಕೈಪಿಡಿಯಲ್ಲಿ ಅದರ ವಿವರಣೆಯೇ ಇರಲಿಲ್ಲ. ಹೊಸ ತರಬೇತಿ ಬೇಕಿಲ್ಲವೆಂಬುದು ಈ ವಿಮಾನದ ಮಾರಾಟದ ಮುಖ್ಯ ಆಕರ್ಷಣೆ. ಮಾದರಿಯಂತ್ರದಲ್ಲಿ ತರಬೇತಿ ಬೇಕಾದರೆ ವಿಮಾನ ಒಂದಕ್ಕೆ ಹತ್ತು ಲಕ್ಷ ಡಾಲರು ಸೋಡಿ ಕೊಡುವುದಾಗಿ ಸೌತ್‌ವೆಸ್ಟ್ ಸಂಸ್ಥೆಗೆ ಮಾತು ಕೊಡಲಾಗಿತ್ತು.

2018ರ ಅಕ್ಟೋಬರ್ 29ರಂದು ಜಕಾರ್ತದಿಂದ ಹೊರಟ ಲಯನ್ ಏರ್ ವಿಮಾನ ಸಮುದ್ರಕ್ಕೆ ಬಿತ್ತು. 189 ಮಂದಿ ಸತ್ತರು. 2019ರ ಮಾರ್ಚ್ 10ರಂದು ಆಡಿಸ್ ಅಬಾಬದಿಂದ ಹೊರಟ ಇಥಿಯೋಪಿಯನ್ ವಿಮಾನ ನೆಲಕ್ಕಪ್ಪಳಿಸಿತು. 157 ಮಂದಿ ಸತ್ತರು. ಇವೆರಡರ ನಡುವೆ, 2019ರ ಜನವರಿಯಲ್ಲಿ, ಕಂಪೆನಿ ತನ್ನ ಹಿಂದಿನ ವರ್ಷದ ಲೆಕ್ಕವನ್ನು ಪ್ರಕಟಿಸಿತು: 806 ವಿಮಾನಗಳು ಗಿರಾಕಿಗಳಿಗೆ ಸೇರಿವೆ, ವಹಿವಾಟು ಮೊದಲ ಬಾರಿಗೆ ಹತ್ತು ಸಾವಿರ ಕೋಟಿ ಡಾಲರನ್ನು ದಾಟಿದೆ, ಲಾಭ ಸಾವಿರ ಕೋಟಿಗೂ ಮೇಲೆ. ಕಂಪೆನಿಯ ಚರಿತ್ರೆಯಲ್ಲೇ ಅದು ಶ್ರೇಷ್ಠವಾದ ವರ್ಷ! ಲೆಕ್ಕದ ಪುಸ್ತಕ ಸುಳ್ಳು ಹೇಳಿತೆಂದು ನಾವು ಅನ್ನುವುದಿಲ್ಲ. ಅದಕ್ಕೆ ಗೊತ್ತಿದ್ದುದನ್ನು ಅದು ಹೇಳಿತು.

ಪಾಠ ಹೇಳುವ ಕಸುಬಿನವರಿಗೆ ದೊಡ್ಡ ಗೊಂದಲಕ್ಕೆ ಒಂದೇ ಕಾರಣವನ್ನು ಹಚ್ಚಿಬಿಡುವ ಚಪಲ ಹೆಚ್ಚು. ಇಂಜಿನಿಯರುಗಳು ಆಳಿದಾಗ ಚೆನ್ನಾಗಿತ್ತು, ಲೆಕ್ಕಿಗರು ಬಂದು ಕೆಡಿಸಿದರು ಎಂಬ ಮಾತನ್ನು ನಾವೂ ಬಹುಕಾಲ ಹೇಳಿಕೊಂಡು ಬಂದೆವು. ಈಗ ಅದು ಅಷ್ಟು ಸುಲಭವಾಗಿ ತೋರುವುದಿಲ್ಲ. ಸ್ಥಾಪಕ ಮರದ ವ್ಯಾಪಾರಿ. 707 ಮತ್ತು 747ನ್ನು ಕೊಟ್ಟವನು ವಕೀಲ. ಮ್ಯಾಕ್ಸ್ ವಿಮಾನಗಳು ಬಿದ್ದಾಗ ಪೀಠದಲ್ಲಿದ್ದ ಡೆನಿಸ್ ಮ್ಯುಲೆನ್‌ಬರ್ಗ್ ಇಂಜಿನಿಯರು. ವಿದ್ಯಾರ್ಥಿದೆಸೆಯಿಂದಲೂ ಅದೇ ಕಂಪೆನಿಯಲ್ಲಿ ಬೆಳೆದವನು. ಕೂತವನ ಪದವೀಪತ್ರದಲ್ಲಿ ಭೇದ ಹುಡುಕಿ ಫಲವಿಲ್ಲ. ಕೆಳಗಿನ ಬೆಂಚಿನಲ್ಲಿ ಕೆಲಸ ಮಾಡುವವನು ಇದು ಸರಿಯಿಲ್ಲವೆಂದಾಗ, ಆ ಮಾತು ಎಷ್ಟು ಮೆಟ್ಟಿಲು ಹತ್ತುತ್ತದೆ, ಎಷ್ಟನೆಯ ಮೆಟ್ಟಿಲಲ್ಲಿ ಉಸಿರು ಬಿಡುತ್ತದೆ ಎಂಬುದರಲ್ಲಿ ಭೇದವಿದೆ. 2020ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿ ಕೊಟ್ಟ ವರದಿಯಲ್ಲಿ, ಮ್ಯಾಕ್ಸ್ ವಿಮಾನದ ವಿಷಯದಲ್ಲಿ ಕಂಪೆನಿಯೊಳಗೇ ಎದ್ದ ಸಂಶಯಗಳು ಮೇಲಕ್ಕೆ ಮುಟ್ಟದೆ ಹೋದ ಸಂಗತಿ ವಿಸ್ತಾರವಾಗಿ ಬಂದಿದೆ. ಹಣವಿರಲಿಲ್ಲವೆನ್ನುವಂತಿಲ್ಲ, 2013ರಿಂದ 2019ರವರೆಗೆ ತನ್ನ ಷೇರುಗಳನ್ನು ತಾನೇ ಕೊಂಡುಕೊಳ್ಳುವುದಕ್ಕೆ ಕಂಪೆನಿ ವೆಚ್ಚ ಮಾಡಿದ್ದು ಸುಮಾರು 4,300 ಕೋಟಿ ಡಾಲರು.

2019ರ ಅಕ್ಟೋಬರ್ 29ರಂದು, ಮೊದಲ ಅಪಘಾತದ ವರ್ಷಾಬ್ದಿಕದ ದಿನವೇ, ಮ್ಯುಲೆನ್‌ಬರ್ಗ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಉತ್ತರ ಹೇಳುತ್ತಿದ್ದಾಗ, ಅವನ ಹಿಂದೆ ಸತ್ತವರ ಬಂಧುಗಳು ತಮ್ಮವರ ಪಟಗಳನ್ನು ಎತ್ತಿ ಹಿಡಿದು ನಿಂತಿದ್ದರು. ಬಿತ್ತಿದವನು ಒಬ್ಬ, ಕೊಯ್ಯಲು ನಿಂತವನು ಇನ್ನೊಬ್ಬ. ಡಿಸೆಂಬರಿನಲ್ಲಿ ಅವನನ್ನು ಪದವಿಯಿಂದ ಇಳಿಸಿದರು. ಮ್ಯಾಕ್ಸ್ ವಿಮಾನಗಳು ಅಮೆರಿಕದಲ್ಲಿ ಇಪ್ಪತ್ತು ತಿಂಗಳು ನೆಲದ ಮೇಲೆಯೇ ಇದ್ದುವು.

ಬಳಿಕ ಬಂದ ಡೇವಿಡ್ ಕ್ಯಾಲ್ಹೂನನ ಕಾಲದಲ್ಲಿ, 2024ರ ಜನವರಿ 5ರಂದು, ಪೋರ್ಟ್‌ಲ್ಯಾಂಡಿನಿಂದ ಹೊರಟ ಅಲಾಸ್ಕಾ ಏರ್‌ಲೈನ್ಸಿನ ಹೊಸ ಮ್ಯಾಕ್ಸ್ ವಿಮಾನದ ಬಾಗಿಲು ಮುಚ್ಚಿಗೆಯೊಂದು ಸುಮಾರು 16,000 ಅಡಿ ಎತ್ತರದಲ್ಲಿ ಕಿತ್ತು ಹಾರಿತು. ದೈವಕೃಪೆಯಿಂದ ಯಾರೂ ಸಾಯಲಿಲ್ಲ. ಆ ಮುಚ್ಚಿಗೆಯನ್ನು ಹಿಡಿಯಬೇಕಾದ ನಾಲ್ಕು ಬೋಲ್ಟುಗಳು ಅಲ್ಲಿರಲೇ ಇಲ್ಲ: ರಿವೆಟ್ಟು ದುರಸ್ತಿಗಾಗಿ ಕಾರ್ಖಾನೆಯಲ್ಲಿ ಅದನ್ನು ತೆಗೆದವರು ಮತ್ತೆ ಹಾಕಿರಲಿಲ್ಲ. ಒಡಲು ಬಂದದ್ದು 2005ರಲ್ಲಿ ಮಾರಿದ್ದ ಆ ವಿಚಿಟಾದಿಂದ. ಕಂಪೆನಿ ಅದನ್ನು 2025ರ ಡಿಸೆಂಬರಿನಲ್ಲಿ ಮರಳಿ ಕೊಂಡುಕೊಂಡಿತು. ಬೋಲ್ಟಿನ ಘಟನೆಯ ಮೇಲೆ ಸರ್ಕಾರದವರು ತಿಂಗಳಿಗೆ 38ಕ್ಕಿಂತ ಹೆಚ್ಚು 737 ಕಟ್ಟಕೂಡದೆಂದು ವಿಧಿಸಿದರು. ಕಟ್ಟದಿದ್ದರೆ ಒಪ್ಪಿಸುವಂತಿಲ್ಲ, ಒಪ್ಪಿಸದಿದ್ದರೆ ಹಣವಿಲ್ಲ. 2024ರಲ್ಲಿ ಏರ್‌ಬಸ್ 766 ವಿಮಾನಗಳನ್ನು ಒಪ್ಪಿಸಿತು, ಬೋಯಿಂಗ್ 348. ಮೊದಲು ಕೇಳಿದ ಒಗಟಿಗೆ ಇದೇ ಉತ್ತರ.

ಅದೇ ವರ್ಷ ಆಗಸ್ಟಿನಲ್ಲಿ ಕೆಲ್ಲಿ ಆರ್ಟ್‌ಬರ್ಗ್ ಎಂಬ, ನಿವೃತ್ತನಾಗಿದ್ದ ಇಂಜಿನಿಯರನನ್ನು ಕರೆತಂದು ಪೀಠದಲ್ಲಿ ಕೂರಿಸಿದರು. ಈತ ಮೊದಲು ಮಾಡಿದ ಕೆಲಸ ಸಿಯಾಟ್ಲಿನಲ್ಲಿ ಮನೆ ಮಾಡಿದ್ದು. ಸಣ್ಣ ವಿಷಯವೆಂದು ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಬಂದ ಐದು ವಾರಗಳಲ್ಲೇ 33,000 ಕೆಲಸಗಾರರು ಮುಷ್ಕರ ಹೂಡಿದರು. ನಾಲ್ಕು ವರ್ಷಗಳಲ್ಲಿ ನೂರಕ್ಕೆ 38ರಷ್ಟು ಸಂಬಳ ಏರಿಸುವ ಒಪ್ಪಂದವಾಗುವವರೆಗೆ, ಐವತ್ತಕ್ಕೂ ಹೆಚ್ಚು ದಿನ, ಅವರು ಹಿಂದಿರುಗಲಿಲ್ಲ. ಗಿರಾಕಿಗಳು ಮಾತ್ರ ಕೈಬಿಡಲಿಲ್ಲ. 2025ರ ಮೇ ತಿಂಗಳಲ್ಲಿ ಕತಾರ್ ಏರ್‌ವೇಸ್ 210ರವರೆಗೆ ದೊಡ್ಡ ವಿಮಾನಗಳನ್ನು ಬರೆಸಿತು. ಎರಡೇ ಅಂಗಡಿಗಳಿರುವ ಪೇಟೆಯಲ್ಲಿ ಒಂದರ ಮೇಲೆ ಸಿಟ್ಟಾದರೆ ಇನ್ನೊಂದರ ಮುಂದೆ ಹತ್ತು ವರ್ಷ ಕಾಯಬೇಕು.

ನಮ್ಮ ಬೆಂಗಳೂರಿನ ದೇವನಹಳ್ಳಿಯಲ್ಲಿ, 43 ಎಕರೆಯ ಆವರಣದಲ್ಲಿ, 1,600 ಕೋಟಿ ರೂಪಾಯಿ ವೆಚ್ಚದ ಈ ಕಂಪೆನಿಯ ಇಂಜಿನಿಯರಿಂಗ್ ಕೇಂದ್ರ 2024ರ ಜನವರಿ 19ರಂದು, ಬಾಗಿಲು ಕಿತ್ತುಹೋದ ಎರಡು ವಾರಕ್ಕೆ ಸರಿಯಾಗಿ, ಪ್ರಾರಂಭೋತ್ಸವವನ್ನು ಕಂಡಿತು. ನಮ್ಮ ಕಾಲೇಜುಗಳ ಹುಡುಗರಿಗೂ ಹುಡುಗಿಯರಿಗೂ ಆ ಬಾಗಿಲು ತೆರೆದಿದೆ. ಅವರಲ್ಲೊಬ್ಬರು ಒಂದು ದಿನ, ಈ ಲೆಕ್ಕ ಸರಿಯಿಲ್ಲವೆಂದು ಕಾಗದದಲ್ಲಿ ಬರೆದು ಮೇಲಿನವರಿಗೆ ಕಳುಹಿಸಬೇಕಾಗಿ ಬಂದೀತು. ಅದನ್ನು ಯಾರು ಓದುವರೆಂಬ ಕುತೂಹಲ ನಮಗಿದೆ.

ಆರಂಭದಲ್ಲಿ ಹೇಳಿದ ಆ 10 ವಿಮಾನಗಳು 777ಎಕ್ಸ್ ಎಂಬ ಜಾತಿಯವು. 2013ರ ದುಬೈ ಪ್ರದರ್ಶನದಲ್ಲಿ 259 ವಿಮಾನಗಳಿಗೆ ಗಿರಾಕಿಗಳ ಮಾತು ಪಡೆದು ಇದನ್ನು ಸಾರಿದಾಗ 2020ಕ್ಕೆ ಒಪ್ಪಿಸುವುದೆಂದಿತ್ತು. 2025ರ ಅಕ್ಟೋಬರಿನಲ್ಲಿ ಕಂಪೆನಿ 490 ಕೋಟಿ ಡಾಲರುಗಳನ್ನು ಈ ವಿಳಂಬದ ಬಾಬತ್ತಿಗೆ ನಷ್ಟ ಬರೆದು, ಮೊದಲನೆಯ ವಿಮಾನವನ್ನು ಕೊಡುವ ವರ್ಷವನ್ನು 2027 ಎಂದು ತಿದ್ದಿಕೊಂಡಿತು.