ಫ್ರೆಂಚರ ಪಡೆ, ನಮ್ಮ ಗಡಿ


ಫ್ರೆಂಚರು ರಾಯದುರ್ಗ, ಮಡಕಶಿರಗಳನ್ನು ಆಳಲಿಲ್ಲ. ಆದರೂ ಅವರಿಗೂ ಇಂಗ್ಲಿಷರಿಗೂ ಇದ್ದ ಹಗೆತನ ನಮ್ಮ ನೆಲದ ಹಣೆಬರಹವನ್ನು ಬದಲಿಸಿತು.

ಫ್ರೆಂಚರ ನೆರವನ್ನು ನಂಬಿದ್ದ ಟಿಪ್ಪುವನ್ನು, ಯುರೋಪಿನಲ್ಲಿ ಸಂಧಿಯಾದೊಡನೆ, 1783ರಲ್ಲಿ ಅವರು ಮಂಗಳೂರಿನ ಮುತ್ತಿಗೆಯ ನಡುವೆಯೇ ಕೈಬಿಟ್ಟರು. ಹೈದರಾಬಾದಿನ ನಿಜಾಮನಲ್ಲಿ ರೇಮಂಡನೆಂಬ ಫ್ರೆಂಚ್ ಅಧಿಕಾರಿ ಕಟ್ಟಿದ ಪಡೆಯಿತ್ತು. 1798ರ ಒಪ್ಪಂದದಂತೆ ಇಂಗ್ಲಿಷರು ಅದನ್ನು ವಿಸರ್ಜಿಸಿ ತಮ್ಮ ಸೈನ್ಯವನ್ನು ನೆಲೆಗೊಳಿಸಿದರು. ಆ ಸೈನ್ಯದ ವೆಚ್ಚಕ್ಕೆಂದು ನಿಜಾಮನು, 1792 ಮತ್ತು 1799ರಲ್ಲಿ ಮೈಸೂರಿನಿಂದ ತನಗೆ ದೊರೆತ ಸೀಮೆಗಳನ್ನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟನು. ಅವೇ ದತ್ತ ಮಂಡಲಗಳು. ನಮ್ಮ ಹಿರಿಯರನ್ನು ಯಾರೂ ಕೇಳಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯ ರಾಯದುರ್ಗವೂ ಆಂಧ್ರಕ್ಕೆ ಸೇರಿತು.

ಗಡಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಅದನ್ನು ಉಳಿಸಿದವರು ಹೊರಗಿನ ಯಾವ ಬಲವೂ ಅಲ್ಲ, ತಮ್ಮ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿದ ತಂದೆತಾಯಿಗಳು. ನಮಗೆ ಉಳಿದಿರುವ ಪ್ರತಿರೋಧವೂ ಅದೊಂದೇ. ಅದರಲ್ಲಿ ನೆರೆಯ ತೆಲುಗಿನ ಮೇಲೆ ಹಗೆಯಿಲ್ಲ. ಇಂದು ಒಂದನೆಯ ತರಗತಿಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳುವಾಗುತ್ತಿದೆ. ಬರುವ ಜೂನಿನಲ್ಲಿ ನಿಮ್ಮ ಮನೆಯ ಮಗುವಿನ ಹೆಸರನ್ನು ಅದರಲ್ಲಿ ಬರೆಯಿಸಿರಿ. ಶತಮಾನೋತ್ಸವಕ್ಕೆ ನೀವು ಕೊಡಬಹುದಾದ ಹಿರಿದಾದ ಕಾಣಿಕೆ ಅದೇ.