ನಗರದ ರಣಗಾಡಿ, ನಳದುರ್ಗದ ದಾರಿ



ಹಳೆಯ ಆಯುಧ ನೋಡಬೇಕೆಂದರೆ ನಮ್ಮ ಭಾಗದವರು ದೂರ ಹೋಗಬೇಕಾಗಿಲ್ಲ. ಅಕ್ಕಲಕೋಟದ ಹೊಸ ಅರಮನೆಯ ಶಸ್ತ್ರಾಗಾರ ಹೆಸರಾದದ್ದು. ಆ ಸಂಸ್ಥಾನ ಹುಟ್ಟಿದ್ದೂ ಒಂದು ಕಾಳಗದಿಂದಲೇ. 1707ರಲ್ಲಿ ಔರಂಗಜೇಬ ತೀರಿಕೊಂಡ ಮೇಲೆ ಬಿಡುಗಡೆಯಾಗಿ ಬರುತ್ತಿದ್ದ ಶಾಹೂ ಮಹಾರಾಜರನ್ನು ಪಾರದ ಎಂಬ ಊರಿನ ಪಾಟೀಲ ಎದುರಿಸಿ ಸತ್ತ. ಅವನ ಹೆಂಡತಿ ತನ್ನ ಕೂಸನ್ನು ತಂದು ಮಹಾರಾಜರ ಪಾದಕ್ಕೆ ಹಾಕಿದಳು. ಶಾಹೂ ಆ ಕೂಸನ್ನು ಸಾಕಿ, ಮೊದಲ ಜಯದ ನೆನಪಿಗೆ ಫತ್ತೇಸಿಂಹ ಎಂದು ಹೆಸರಿಟ್ಟರು. ಅವನೇ ಮುಂದೆ ಅಕ್ಕಲಕೋಟದ ಮೊದಲ ರಾಜನಾದ. ಈ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿದ್ದದ್ದೇ. ಇವತ್ತು ನಾನು ಹೇಳುವುದು ಕತ್ತಿ ಗುರಾಣಿಗಳ ಮಾತಲ್ಲ, ಟ್ಯಾಂಕುಗಳ ಮಾತು.

ಟ್ಯಾಂಕುಗಳ ಸಂಗ್ರಹಾಲಯ ಇರುವುದು ಅಹಿಲ್ಯಾನಗರದಲ್ಲಿ. ನಾವಂತೂ ಆ ಊರಿಗೆ ಇನ್ನೂ ನಗರ ಎಂದೇ ಅನ್ನುತ್ತೇವೆ. ಸೋಲಾಪುರದಿಂದ ಮೊಹೋಳ, ಟೆಂಭುರ್ಣಿ, ಕರಮಾಳ ದಾಟಿ ಹೋಗಬೇಕು. ನಮ್ಮ ಮನೆಯಿಂದ ಹೊರಟವರು ಆರು ಮಂದಿ: ನಾನು, ನಮ್ಮ ಮನೆಯಾಕೆ, ಮಗ, ಸೊಸೆ, ಮೊಮ್ಮಗ, ಮತ್ತು ಎಂಬತ್ತೇಳು ವರ್ಷದ ನಮ್ಮ ಅವ್ವ. ಅವ್ವನದು ಶಿಂಗಣಾಪುರದ ಶನಿದೇವರ ಹರಕೆ. ಮೊಮ್ಮಗನದು ಟ್ಯಾಂಕ್ ನೋಡುವ ಹಟ. ಒಂದೇ ಬಾಡಿಗೆ ಗಾಡಿಯಲ್ಲಿ ಎರಡೂ ಆಗುತ್ತವೆ ಎಂದು ನಾನು ಲೆಕ್ಕ ಹಾಕಿದೆ. ಬ್ಯಾಂಕಿನ ಕೌಂಟರಿನಲ್ಲಿ ಜೀವ ಸವೆಸಿದವನಿಗೆ ಈ ಚಟ ಬಿಡುವುದಿಲ್ಲ.

ಟ್ಯಾಂಕ್ ಎಂಬ ಮಾತು ಕೇಳಿ ಅವ್ವ, "ಟಾಕಿ ನೋಡಾಕ ಇಷ್ಟು ದೂರ ಯಾಕೋ ತಮ್ಮಾ? ನಮ್ಮ ಊರಾಗ ನೀರಿನ ಟಾಕಿ ಇಲ್ಲೇನು?" ಎಂದಳು. ಮರಾಠಿಯಲ್ಲಿ ಅದಕ್ಕೆ ರಣಗಾಡಾ ಎಂಬ ಒಳ್ಳೆಯ ಶಬ್ದವಿದೆ. ಮೊಮ್ಮಗ ಅದನ್ನು ಹೇಳಿದ ಕೂಡಲೇ, "ಹಾಂಗನ್ನು, ರಣದ ಗಾಡಿ" ಎಂದು ಅವ್ವ ತಾನೇ ಕನ್ನಡ ಮಾಡಿಕೊಂಡಳು. ಎರಡು ಭಾಷೆಯ ನಡುವೆ ಬದುಕುವವರಿಗೆ ಇಂಥ ಅನುಕೂಲ ಉಂಟು. ಅಲ್ಲಿ ದಿನವಿಡೀ ನಡೆದದ್ದೂ ಹೀಗೆಯೇ. ಮೊಮ್ಮಗ ಇಂಗ್ಲಿಷ್ ಫಲಕ ಓದಿ ಮರಾಠಿಯಲ್ಲಿ ಹೇಳುವನು, ನಾನು ಅವ್ವನಿಗೆ ಕನ್ನಡದಲ್ಲಿ ಹೇಳುವೆನು.

ಈ ಸಂಗ್ರಹಾಲಯ ಸೈನ್ಯದ್ದೇ. 1994ರ ಫೆಬ್ರವರಿಯಲ್ಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿ.ಸಿ. ಜೋಶಿಯವರು ಇದನ್ನು ತೆರೆದರು. ಬಯಲಿನಲ್ಲಿ ಸುಮಾರು ಐವತ್ತು ಗಾಡಿಗಳು ಸಾಲಾಗಿ ನಿಂತಿವೆ. ರೋಲ್ಸ್ ರಾಯ್ಸ್ ಕಂಪನಿಯ ಹಳೆಯ ಕವಚದ ಕಾರು, ಇಂಗ್ಲೆಂಡಿನ ಮಟಿಲ್ಡಾ, ಚರ್ಚಿಲ್, ಜಪಾನಿನ ಸಣ್ಣ ಟ್ಯಾಂಕು, ನಮ್ಮ ಆವಡಿ ಕಾರ್ಖಾನೆಯಲ್ಲಿ ತಯಾರಾದ ವಿಜಯಂತ, ಎಲ್ಲವೂ ಇವೆ. ಎಲ್ಲವನ್ನೂ ಹೇಳುತ್ತ ಕುಳಿತರೆ ನನಗೆ ಕೊಟ್ಟ ವೇಳೆ ಸಾಲದು. ಒಂದನ್ನು ಮಾತ್ರ ಹೇಳುತ್ತೇನೆ. ಅದು ಅಮೆರಿಕದ ಪ್ಯಾಟನ್. ತೂಕ ಸುಮಾರು 46 ಟನ್. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ ಕ್ವಿಂಟಲಿನ 460 ಚೀಲ ಜೋಳ ಒಂದೇ ಗಾಡಿಯಲ್ಲಿ ಹೇರಿದ ಹಾಗೆ. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮಕರಣ ಹತ್ತಿರದ ಅಸಲ್ ಉತ್ತರದಲ್ಲಿ ಪಾಕಿಸ್ತಾನ ಇವುಗಳನ್ನು ನುಗ್ಗಿಸಿತು. ನಮ್ಮವರು ಕಾಲುವೆ ಒಡೆದು ಹೊಲಕ್ಕೆ ನೀರು ಬಿಟ್ಟರು. ಕಬ್ಬಿನ ಮರೆಯಲ್ಲಿ ತೋಫು ಹೂಡಿ ಕಾದರು. ಪ್ಯಾಟನ್ನುಗಳು ಕೆಸರಿನಲ್ಲಿ ಹೂತವು. ಮೂರು ದಿನದಲ್ಲಿ ನೂರರ ಸಮೀಪ ಟ್ಯಾಂಕು ಕಳೆದುಕೊಂಡರು. ಕರಿಮಣ್ಣಿನ ಹೊಲದಲ್ಲಿ ಮಳೆಗಾಲಕ್ಕೆ ಗಾಡಿ ಹೂತವರಿಗೆ ಈ ಯುದ್ಧತಂತ್ರ ಬಿಡಿಸಿ ಹೇಳಬೇಕಾಗಿಲ್ಲ.

ಮೊಮ್ಮಗ ಹೆಚ್ಚು ಹೊತ್ತು ಮಾತಾಡಿದ್ದು ಸೆಕೆಂಡ್ ಲೆಫ್ಟಿನೆಂಟ್ ಅರುಣ ಖೇತ್ರಪಾಲರ ಬಗ್ಗೆ. ಪೂನಾ ಹಾರ್ಸ್ ಎಂಬ ಪಡೆಯವರು. 1971ರ ಡಿಸೆಂಬರ್ 16ರಂದು ಬಸಂತರ ಕಾಳಗದಲ್ಲಿ ಅವರ ಟ್ಯಾಂಕಿಗೆ ಬೆಂಕಿ ಹತ್ತಿತು. ಬಿಟ್ಟು ಬಾ ಎಂದು ಮೇಲಿನವರ ಹುಕುಂ ಬಂತು. ತೋಫು ಇನ್ನೂ ನಡೆಯುತ್ತಿದೆ, ಬಿಡುವುದಿಲ್ಲ ಎಂದು ಹೇಳಿ ಅಲ್ಲೇ ಕಾದಾಡುತ್ತ ತೀರಿಕೊಂಡರು. ಪರಮವೀರ ಚಕ್ರ ಬಂತು. ಫಾಮಗುಸ್ತಾ ಎಂಬ ಹೆಸರಿನ ಆ ಟ್ಯಾಂಕನ್ನು ರಿಪೇರಿ ಮಾಡಿ ನಗರದ ಸೈನ್ಯ ಕೇಂದ್ರದಲ್ಲೇ ಕಾಯ್ದಿಟ್ಟಿದ್ದಾರೆ.

"ಹುಡುಗಗ ಎಷ್ಟು ವಯಸ್ಸಾಗಿತ್ತು?" ಎಂದು ಅವ್ವ ಕೇಳಿದಳು.

"ಇಪ್ಪತ್ತೊಂದು, ಆಯಿ."

"ಹಡೆದವರು ಇದ್ರೇನು?"

ಇದ್ದರು. ತಂದೆ ಬ್ರಿಗೇಡಿಯರ್ ಖೇತ್ರಪಾಲ್. 2001ರಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ತಾವು ಹುಟ್ಟಿದ ಸರಗೋಧಾ ನೋಡಲು ಅವರು ಪಾಕಿಸ್ತಾನಕ್ಕೆ ಹೋದರು. ಲಾಹೋರಿನಲ್ಲಿ ಅವರನ್ನು ಮನೆಯಲ್ಲಿಟ್ಟುಕೊಂಡು ಉಪಚರಿಸಿದವರು ಅಲ್ಲಿನ ನಿವೃತ್ತ ಬ್ರಿಗೇಡಿಯರ್ ನಾಸೆರ್. ನಿಮ್ಮ ಮಗನ ಟ್ಯಾಂಕಿಗೆ ಗುಂಡು ಹೊಡೆದವನು ನಾನೇ ಎಂದು ಆ ಮನುಷ್ಯ ಕೊನೆಗೆ ಹೇಳಿದರು. ಮೊಮ್ಮಗ ಇದನ್ನು ಹೇಳಿದಾಗ ಅವ್ವ ಬಹಳ ಹೊತ್ತು ಮಾತಾಡಲಿಲ್ಲ.

ಅದೇ ಪೂನಾ ಹಾರ್ಸಿನ ಇನ್ನೊಬ್ಬ ಪರಮವೀರ ಲೆಫ್ಟಿನೆಂಟ್ ಕರ್ನಲ್ ಎ.ಬಿ. ತಾರಾಪೋರ್. 1965ರಲ್ಲಿ ಚಾವಿಂಡಾ ಕಾಳಗದಲ್ಲಿ ಮಡಿದರು. ಅವರು ಮೊದಲು ಸೇರಿದ್ದು ಹೈದರಾಬಾದ್ ನಿಜಾಮನ ಸೈನ್ಯಕ್ಕೆ. ಆ ಸಂಸ್ಥಾನ ಹೋದ ಮೇಲೆ, 1951ರಲ್ಲಿ, ಪೂನಾ ಹಾರ್ಸಿಗೆ ಬಂದವರು. ನಿಜಾಮ ಎಂಬ ಹೆಸರು ಕಿವಿಗೆ ಬಿದ್ದದ್ದೇ ಅವ್ವ ಒಂದು ಹಳೆಯ ಟ್ಯಾಂಕಿನ ಕಡೆ ಕೈ ಮಾಡಿ, "ಇಂಥಾವು ನಾ ನೋಡೀನಿ" ಎಂದಳು. ಎರಡನೇ ಮಹಾಯುದ್ಧದ ಕಾಲದ ಟ್ಯಾಂಕು ಅದು.

ಅವ್ವನ ತವರು ನಳದುರ್ಗದ ಆಚೆಯ ಒಂದು ಸಣ್ಣ ಹಳ್ಳಿ, ಆಗ ನಿಜಾಮನ ರಾಜ್ಯ. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹೆಚ್ಚಾದಾಗ ಎಷ್ಟೋ ಮನೆತನಗಳು ರಾತ್ರೋರಾತ್ರಿ ಸೋಲಾಪುರದ ಕಡೆ ದಾಟಿ ಬಂದವು. ಅವ್ವನ ಮನೆಯವರೂ ಎತ್ತಿನ ಗಾಡಿ ಕಟ್ಟಿಕೊಂಡು ಸೋದರಮಾವನ ಊರಿಗೆ ಬಂದರು. ಆ ಊರು ಸೋಲಾಪುರ ನಳದುರ್ಗ ರಸ್ತೆಯ ಸಮೀಪದ್ದು. ಅವ್ವನಿಗೆ ಆಗ ಹತ್ತು ವರ್ಷ. ಒಂದು ರಾತ್ರಿ ನೆಲ ನಡುಗಿ, ಮಾಳಿಗೆಯ ಮಣ್ಣು ಮುಖದ ಮೇಲೆ ಉದುರಿತಂತೆ. ಬೆಳಕು ಹರಿದ ಮೇಲೆ ತೊಗರಿ ಹೊಲದಲ್ಲಿ ಅಡಗಿ ಕುಳಿತು ನೋಡಿದರೆ ಒಂದರ ಹಿಂದೊಂದು ರಣದ ಗಾಡಿ.

ಅದು 1948ರ ಸೆಪ್ಟೆಂಬರ್ 13. ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ದಂಡು ಸೋಲಾಪುರದಿಂದಲೇ ಹೈದರಾಬಾದಿಗೆ ಹೊರಟಿತ್ತು. ಮೊದಲ ಕಾಳಗವೇ ನಳದುರ್ಗದಲ್ಲಿ. ನಮ್ಮ ಕುರನೂರ ಅಣೆಕಟ್ಟಿಗೆ ನೀರು ತರುವ ಬೋರಿ ನದಿಯ ಮೇಲಿನ ಅಲ್ಲಿನ ಸೇತುವೆಯನ್ನು ಒಡೆಯಲು ಬಿಡದೆ ಹಿಡಿದರು. ಸಿಖ್ ಪಡೆ ನಳದುರ್ಗವನ್ನು ಗೆದ್ದಿತು. ಬೆಳಿಗ್ಗೆ 9ಕ್ಕೆ ಟ್ಯಾಂಕುಗಳು ಜಳಕೋಟದಲ್ಲಿದ್ದವು. ಮಧ್ಯಾಹ್ನ 3 ದಾಟುವಷ್ಟರಲ್ಲಿ ಗಡಿಯಿಂದ 61 ಕಿಲೋಮೀಟರ್ ಒಳಗೆ ಉಮರ್ಗಾ ಮುಟ್ಟಿದ್ದವು. ಐದನೇ ದಿನ ನಿಜಾಮ ಸೋಲೊಪ್ಪಿದ. ಇದಕ್ಕೆ ಪೊಲೀಸ್ ಆ್ಯಕ್ಷನ್ ಎಂದು ಹೆಸರು. "ಪೊಲೀಸರು ತೋಫಿನ ಗಾಡಿ ತರತಾರೇನೋ?" ಎಂದು ಅವ್ವ ಕೇಳಿದಳು. ಆ ಪ್ರಶ್ನೆಗೆ ನನ್ನ ಬಳಿ ಈಗಲೂ ಉತ್ತರವಿಲ್ಲ.

ಇಷ್ಟಾದರೆ ಜಯದ ಕಥೆ. ಅವ್ವನ ಕಥೆ ಅಲ್ಲಿಗೆ ನಿಲ್ಲಲಿಲ್ಲ. ತಿಂಗಳಾದ ಮೇಲೆ ಅವರು ತಮ್ಮ ಹಳ್ಳಿಗೆ ಮರಳಿದರು. ಮಗ್ಗುಲಲ್ಲಿ ಒಂದು ಪಿಂಜಾರರ ಮನೆ ಇತ್ತು. ಆ ಮನೆಯ ಹುಡುಗಿ ಅವ್ವನ ಜೋಡಿ ಗಜಗ ಆಡುತ್ತಿದ್ದವಳು. ಮನೆಯ ಬಾಗಿಲೂ ಇರಲಿಲ್ಲ, ಒಳಗೆ ಜನರೂ ಇರಲಿಲ್ಲ. ಎಲ್ಲಿ ಹೋದರೆಂದು ದೊಡ್ಡವರನ್ನು ಕೇಳಿದರೆ, ಬಾಯಿ ಮುಚ್ಚು ಎಂದರು. ಆ ವರ್ಷದ ಕೊನೆಗೆ ಪಂಡಿತ ಸುಂದರಲಾಲ್ ಸಮಿತಿ ಸುತ್ತಾಡಿ ವರದಿ ಬರೆಯಿತು. ಕಾರ್ಯಾಚರಣೆಯ ವೇಳೆ ಮತ್ತು ಅದರ ತರುವಾಯ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತರೆಂದು ಅದರ ಅಂದಾಜು. ಹೆಚ್ಚು ಅನಾಹುತವಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್ ಒಂದು, ಗುಲಬರ್ಗಾ ಇನ್ನೊಂದು. ಇಂದಿನ ಧಾರಾಶಿವ, ಕಲಬುರಗಿ. ನಮ್ಮ ಬೀಗರು, ನೆಂಟರು ಇರುವ ಊರುಗಳೇ. ರಜಾಕಾರರು ಮಾಡಿದ್ದೂ ಸುಳ್ಳಲ್ಲ, ಇದೂ ಸುಳ್ಳಲ್ಲ. ಎರಡನ್ನೂ ಕಂಡ ಒಬ್ಬಳೇ ಹೆಂಗಸು ನಮ್ಮ ಮನೆಯಲ್ಲಿ ಎಪ್ಪತ್ತೇಳು ವರ್ಷ ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. ಒಂದು ಹಳೆಯ ಟ್ಯಾಂಕಿನ ಮುಂದೆ ನಿಂತಾಗ ಬಾಯಿ ಬಿಟ್ಟಳು.

ನೀವೂ ಹೋಗುವುದಾದರೆ ಗುರುತಿನ ಚೀಟಿ ಜೊತೆಗಿರಲಿ, ತಲೆಗೆ ಟೊಪ್ಪಿಗೆ ಇಲ್ಲವೆ ಸೆರಗು ಇರಲಿ. ಬಿಸಿಲಿಗೆ ಕಬ್ಬಿಣ ಕಾಯ್ದು ಝಳ ಹೊಡೆಯುತ್ತದೆ. ಮನೆಯಲ್ಲಿ ಎಂಬತ್ತು ದಾಟಿದವರಿದ್ದರೆ ಕೈಹಿಡಿದು ಕರೆದೊಯ್ಯಿರಿ.

ಇನ್ನು ಮೊಮ್ಮಗನ ಮಾತು. ಹನ್ನೆರಡನೇ ಇಯತ್ತೆ ಮುಗಿಸಿದ್ದಾನೆ, ಅಗ್ನಿವೀರ ಭರತಿಗೆ ಹೋಗುವವನಿದ್ದಾನೆ. 2022ರಿಂದ ಬಂದ ಪದ್ಧತಿ ಅದು. ನಾಲ್ಕು ವರ್ಷದ ನೌಕರಿ, ಕೊನೆಗೆ ಸುಮಾರು 11.7 ಲಕ್ಷ ರೂಪಾಯಿ, ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ ಮಾತ್ರ ಮುಂದೆ ಕಾಯಂ. ಮಗನಿಗೆ ಒಪ್ಪಿಗೆ, ಸೊಸೆಗೆ ಇಲ್ಲ. ನನ್ನನ್ನು ಕೇಳಿದರೆ ಬಡ್ಡಿಯ ಲೆಕ್ಕ ಹೇಳಬಲ್ಲೆ, ಉಳಿದದ್ದು ಹೇಳಲಾರೆ. ನಗರದಿಂದ ಮರಳುವಾಗ ಕರಮಾಳದ ಚಹದಂಗಡಿಯಲ್ಲಿ ಅವ್ವನನ್ನೇ ಕೇಳಿದರು. "ಹೋಗಲಿ. ಆದರ ಗೆದ್ದ ಮ್ಯಾಲೆ ಮನೀಗೆ ಬಾ ಅನ್ರಿ. ಮಂದಿ ಮನೀಗೆ ಹೋಗಬ್ಯಾಡ ಅನ್ರಿ" ಎಂದಳು. ಸೊಸೆ ಕಣ್ಣೊರೆಸಿಕೊಂಡಳು. ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಹುಡುಗ ಈಗ ದಿನಾ ನಸುಕಿನಲ್ಲಿ ಎದ್ದು ಓಡುತ್ತಾನೆ. ರಾತ್ರಿ ಊಟವಾದ ಮೇಲೆ ಆಯಿಯ ಹಾಸಿಗೆಯ ಹತ್ತಿರ ಕುಳಿತು ಅವಳು ಹೇಳಿದ್ದನ್ನು ಬರೆದುಕೊಳ್ಳುತ್ತಾನೆ. ಭಾಷೆ ಕನ್ನಡ, ಅಕ್ಷರ ಮರಾಠಿಯವು. ಹನ್ನೊಂದು ಪುಟ ಆಗಿದೆ. ಗಜಗ ಆಡುತ್ತಿದ್ದ ಹುಡುಗಿಯ ಹೆಸರು ಅವ್ವನಿಗೆ ನೆನಪಿತ್ತು, ಅದನ್ನೂ ಬರೆದಿದ್ದಾನೆ. ಸುಗ್ಗಿ ಮುಗಿದ ಮೇಲೆ ಅವ್ವನನ್ನು ಕರೆದುಕೊಂಡು ನಳದುರ್ಗದ ದಾರಿಯಿಂದ ಆ ಹಳ್ಳಿಗೆ ಹೋಗಿ ಕೇಳಿ ಬರುವುದೆಂದು ಇಬ್ಬರೂ ಸೇರಿ ಗೊತ್ತುಮಾಡಿಕೊಂಡಿದ್ದಾರೆ.